ಮುಂಚಕ್ರ ಚಾಲನೆಯ ಕಾರು: ಹೊರೆಯೂ ಹಿಡಿತವೂ

ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ, ತರಗತಿ ಮುಗಿದ ಬಳಿಕ, ವಿದ್ಯಾರ್ಥಿಯೊಬ್ಬನು ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಅವರ ಮನೆಯಲ್ಲಿ ಒಂದು ಸಣ್ಣ ಕಾರಿದೆ. ಅದರ ಮುಂದಿನ ಎರಡು ಟೈರುಗಳು ಪೂರ್ತಿ ಸವೆದಿವೆ. ಹಿಂದಿನವು ಅರ್ಧ ಸವೆದಿವೆ. ಸದ್ಯಕ್ಕೆ ಎರಡು ಹೊಸ ಟೈರುಗಳನ್ನು ಕೊಳ್ಳುವಷ್ಟು ಮಾತ್ರ ಹಣವಿದೆ. ಕಾರು ಮುಂಚಕ್ರ ಚಾಲನೆಯದು. ಎಂದರೆ ಎಂಜಿನ್ನಿನ ಶಕ್ತಿಯು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಸಲ್ಲುವುದು. ‘ಕಾರನ್ನು ಎಳೆಯುವುದು ಮುಂದಿನ ಚಕ್ರ, ತಿರುಗಿಸುವುದೂ ಮುಂದಿನ ಚಕ್ರ, ಆದ್ದರಿಂದ ಹೊಸ ಟೈರು ಮುಂದಕ್ಕೇ ಇರಲಿ ಎನ್ನುತ್ತಾರೆ ನಮ್ಮ ತಂದೆ. ಅದು ಸರಿಯೇ, ಸಾರ್?’

ಪ್ರಶ್ನೆ ಚಿಕ್ಕದು, ಆದರೆ ಅದರ ಉತ್ತರವನ್ನು ನೆಚ್ಚಿ ಒಂದು ಸಂಸಾರವು ಸುರಿಯುವ ಮಳೆಯಲ್ಲಿ ಘಟ್ಟವನ್ನು ಇಳಿಯಬೇಕಾದೀತು. ತಂದೆಯವರ ವಾದವು ಮೇಲುನೋಟಕ್ಕೆ ಸಮಂಜಸವಾಗಿಯೇ ತೋರುವುದು. ಅದನ್ನು ಒಪ್ಪುವ ಅಥವಾ ಬಿಡುವ ಮುನ್ನ, ನಾವು ತರಗತಿಯಲ್ಲಿ ಓದುವ ಕೆಲವು ನಿಯಮಗಳನ್ನು ಕಾರಿಗೆ ಅನ್ವಯಿಸಿ ನೋಡೋಣ. ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಡ.

ನಾಲ್ಕು ಅಂಗೈಯಷ್ಟು ನೆಲ

ಹೊರಗಿನಿಂದ ಬಲವೊಂದು ವರ್ತಿಸದ ಹೊರತು ವಸ್ತುವಿನ ವೇಗವಾಗಲಿ ದಿಕ್ಕಾಗಲಿ ಬದಲಾಗದೆಂಬುದು ನ್ಯೂಟನ್ನನ ಮೊದಲನೆಯ ನಿಯಮ. ಎಂಜಿನ್ನು, ಬ್ರೇಕು, ಸ್ಟಿಯರಿಂಗು, ಇವೆಲ್ಲ ಕಾರಿನ ಒಳಗಿನವು. ಅವು ತಾವಾಗಿಯೇ ಕಾರನ್ನು ನೂಕಲಾರವು, ನಿಲ್ಲಿಸಲಾರವು, ತಿರುಗಿಸಲಾರವು. ಗುರುತ್ವವನ್ನೂ ಗಾಳಿಯ ತಡೆಯನ್ನೂ ಬಿಟ್ಟರೆ, ಕಾರಿಗೆ ಹೊರಗಿನ ಬಲ ದೊರೆಯುವುದು ಒಂದೇ ಎಡೆಯಿಂದ: ಟೈರು ನೆಲವನ್ನು ಮುಟ್ಟುವ ಜಾಗದಿಂದ.

ಆ ಜಾಗವೆಷ್ಟು? ಲೆಕ್ಕಕ್ಕಾಗಿ ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. ಒಳಗಿರುವ ಜನರೂ ಸೇರಿ ಅದರ ದ್ರವ್ಯರಾಶಿ ೧,೦೦೦ ಕಿಲೋಗ್ರಾಂ. ಗುರುತ್ವದ ವೇಗೋತ್ಕರ್ಷವನ್ನು ಸೆಕೆಂಡಿನ ವರ್ಗಕ್ಕೆ ೧೦ ಮೀಟರೆಂದು ಹಿಡಿದರೆ ಅದರ ತೂಕ ೧೦,೦೦೦ ನ್ಯೂಟನ್. ಎಂಜಿನ್ನು ಮುಂದಿರುವುದರಿಂದ ಇದರಲ್ಲಿ ೬,೦೦೦ ನ್ಯೂಟನ್ ಮುಂದಿನ ಚಕ್ರಗಳ ಮೇಲೂ ೪,೦೦೦ ನ್ಯೂಟನ್ ಹಿಂದಿನ ಚಕ್ರಗಳ ಮೇಲೂ ಬೀಳುವುದೆನ್ನೋಣ. ಮುಂದಿನ ಒಂದು ಟೈರಿನ ಪಾಲು ೩,೦೦೦ ನ್ಯೂಟನ್. ಈ ಹೊರೆಯನ್ನು ಬಹುಮಟ್ಟಿಗೆ ಹೊರುವುದು ಟೈರಿನೊಳಗಣ ಗಾಳಿ. ಅದರ ಒತ್ತಡ ಚದರ ಸೆಂಟಿಮೀಟರಿಗೆ ೨೧ ನ್ಯೂಟನ್ ಇದ್ದರೆ, ನೆಲವನ್ನು ಮುಟ್ಟುವ ರಬ್ಬರಿನ ವಿಸ್ತಾರ ಸ್ಥೂಲವಾಗಿ ೩,೦೦೦ವನ್ನು ೨೧ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೧೪೩ ಚದರ ಸೆಂಟಿಮೀಟರು. ಇದು ಒಂದೊಂದು ಪಕ್ಕವೂ ೧೨ ಸೆಂಟಿಮೀಟರಿರುವ ಚೌಕ. ದೊಡ್ಡವರ ಅಂಗೈಗಿಂತ ತುಸು ಅಗಲ, ಅಷ್ಟೆ. ಕಾರಿನೊಳಗಿನ ಜನರ ಕ್ಷೇಮವೆಲ್ಲ ಇಂತಹ ನಾಲ್ಕು ಅಂಗೈಗಳ ಮೇಲೆ ನಿಂತಿದೆ.

ಟೈರು ಜಾರದೆ ನೆಲದಿಂದ ಪಡೆಯಬಲ್ಲ ಅತ್ಯಧಿಕ ಬಲವನ್ನು ನಾವು ‘ಹಿಡಿತ’ವೆಂದೂ, ಟೈರು ನೆಲವನ್ನು ಕೆಳಮುಖವಾಗಿ ಒತ್ತುವ ಬಲವನ್ನು ‘ಹೊರೆ’ಯೆಂದೂ ಕರೆಯೋಣ. ಹೊರೆಯನ್ನು ಘರ್ಷಣಾಂಕದಿಂದ ಗುಣಿಸಿದರೆ ಹಿಡಿತ ದೊರೆಯುವುದು. ಒಣಗಿದ ಡಾಮರು ರಸ್ತೆಗೆ ಘರ್ಷಣಾಂಕ ೦.೯ ಎಂದೂ ನೆನೆದ ರಸ್ತೆಗೆ ೦.೫ ಎಂದೂ ಇಟ್ಟುಕೊಳ್ಳೋಣ. ನಮ್ಮ ಕಾರಿನ ಮುಂದಿನ ಜೋಡಿಯ ಹಿಡಿತ ಒಣನೆಲದಲ್ಲಿ ೫,೪೦೦ ನ್ಯೂಟನ್. ಮಳೆಯಲ್ಲಿ ೩,೦೦೦ ನ್ಯೂಟನ್.

ಮುಂದೆಯೇ ಎಂಜಿನ್, ಮುಂದೆಯೇ ಚಾಲನೆ

ಮುಂದಿನ ಚಕ್ರವನ್ನೇ ಎಳೆಯುವ ಚಕ್ರವನ್ನಾಗಿ ಮಾಡುವ ಯೋಚನೆ ಹೊಸತಲ್ಲ. ೧೭೬೯ರ ಸುಮಾರಿಗೆ ಫ್ರಾನ್ಸಿನ ನಿಕೊಲಾ ಜೋಸೆಫ್ ಕ್ಯೂನ್ಯೋ ಎಂಬಾತನು ಫಿರಂಗಿಗಳನ್ನು ಸಾಗಿಸಲು ಕಟ್ಟಿದ ಮೂರು ಚಕ್ರಗಳ ಉಗಿಬಂಡಿಯಲ್ಲಿ, ಉಗಿಯ ಶಕ್ತಿ ಸಲ್ಲುತ್ತಿದ್ದುದು ಮುಂದಿನ ಒಂಟಿ ಚಕ್ರಕ್ಕೆ. ದಿಕ್ಕನ್ನು ಬದಲಿಸುತ್ತಿದ್ದುದೂ ಅದೇ. ಭಾರವಾದ ಉಗಿಕಡಾಯಿಯು ಆ ಚಕ್ರಕ್ಕೂ ಮುಂದೆ ತೂಗುತ್ತಿದ್ದುದರಿಂದ ಬಂಡಿಯನ್ನು ಹದಕ್ಕೆ ತರುವುದು ಬಲು ಪ್ರಯಾಸದ ಕೆಲಸವಾಗಿದ್ದಿತು. ೧೯೩೪ರಲ್ಲಿ ಅದೇ ದೇಶದ ಸಿಟ್ರೋಎನ್ ಸಂಸ್ಥೆಯು ಮುಂಚಕ್ರ ಚಾಲನೆಯ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ೧೯೫೯ರಲ್ಲಿ ಇಂಗ್ಲೆಂಡಿನ ಅಲೆಕ್ ಇಸ್ಸಿಗೋನಿಸ್ ಅವರು ‘ಮಿನಿ’ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಸಣ್ಣ ಕಾರಿನಲ್ಲಿಯೂ ಜನರಿಗೆ ಧಾರಾಳವಾದ ಸ್ಥಳವನ್ನು ಒದಗಿಸಿದರು. ನಮ್ಮ ದೇಶದ ಅಂಬಾಸಡರ್ ಮತ್ತು ಪದ್ಮಿನಿ ಕಾರುಗಳು ಹಿಂಚಕ್ರ ಚಾಲನೆಯವು. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ ಮುಂಚಕ್ರ ಚಾಲನೆಯನ್ನು ಸಾಮಾನ್ಯ ಕುಟುಂಬಗಳಿಗೆ ಪರಿಚಯ ಮಾಡಿಸಿತು. ಇಂದು ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಈ ಜಾತಿಯವೇ.

ಈ ಏರ್ಪಾಡಿನಿಂದಾಗುವ ಲಾಭವು ಸುಲಭವಾಗಿ ತಿಳಿಯುವಂಥದು. ಎಂಜಿನ್ನಿನ ಭಾರವು ಎಳೆಯುವ ಚಕ್ರದ ಮೇಲೆಯೇ ಕುಳಿತಿರುವುದು. ನೆನೆದ ರಸ್ತೆಯಲ್ಲಿ ನಮ್ಮ ಕಾರಿನ ಮುಂದಿನ ಚಕ್ರಗಳು ೩,೦೦೦ ನ್ಯೂಟನ್ ಬಲದಿಂದ ಎಳೆಯಬಲ್ಲವು. ಅದೇ ಕಾರಿನ ಹಿಂದಿನ ಚಕ್ರಗಳಿಗೆ ಶಕ್ತಿ ಕೊಟ್ಟಿದ್ದರೆ ಅವು ೨,೦೦೦ ನ್ಯೂಟನ್ನಿಗೇ ಜಾರತೊಡಗುತ್ತಿದ್ದವು. ಆದರೆ ಇದು ಕಾರು ಸಮವೇಗದಲ್ಲಿರುವಾಗಿನ ಲೆಕ್ಕ. ವೇಗವು ಬದಲಾಗುತ್ತಲೇ ಹೊರೆಯೂ ಬದಲಾಗುವುದು.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ವಿಷಯವನ್ನು ವಿವರಿಸಬೇಕಾದುದಿಲ್ಲ. ಹೇರು ಅಚ್ಚಿನ ಮುಂದಕ್ಕೆ ಸರಿದರೆ ಗಾಡಿ ಮುಂಭಾರವಾಗಿ ನೊಗವು ಎತ್ತಿನ ಹೆಗಲನ್ನು ಒತ್ತುವುದು. ಹಿಂದಕ್ಕೆ ಸರಿದರೆ ಹಿಂಭಾರವಾಗಿ ನೊಗ ಮೇಲೇಳುವುದು. ಗಾಡಿಯಲ್ಲಿ ಇದಾಗಲು ಮೂಟೆ ಸರಿಯಬೇಕು. ಕಾರಿನಲ್ಲಿಯಾದರೋ ಯಾವ ಮೂಟೆಯೂ ಸರಿಯಬೇಕಾಗಿಲ್ಲ; ವೇಗ ಹೆಚ್ಚಿದರೆ ಅಥವಾ ಕುಗ್ಗಿದರೆ ಸಾಕು.

ಕಾರಣವೇನೆಂದರೆ, ಬ್ರೇಕು ಹಾಕಿದಾಗ ತಡೆಯುವ ಬಲವು ನೆಲದ ಮಟ್ಟದಲ್ಲಿ ವರ್ತಿಸುವುದು; ಮುಂದುವರಿಯಲು ಹವಣಿಸುವ ಜಡತ್ವವಾದರೋ ನೆಲದಿಂದ ಮೇಲಿರುವ ಗುರುತ್ವಕೇಂದ್ರದಲ್ಲಿದೆ. ಇವೆರಡೂ ಕೂಡಿ ಕಾರನ್ನು ಮುಂದಕ್ಕೆ ಬಗ್ಗಿಸಲೆಳಸುವುವು. ನಿಂತು ಪ್ರಯಾಣ ಮಾಡುವವರು ಬಸ್ಸು ತಟ್ಟನೆ ನಿಂತಾಗ ಮುಂದಕ್ಕೆ ವಾಲುವುದು ಇದೇ ರೀತಿಯಲ್ಲಿ. ಕಾರು ಮಗುಚದಿರಬೇಕಾದರೆ ಮುಂದಿನ ಚಕ್ರಗಳ ಹೊರೆ ಹೆಚ್ಚಿ ಹಿಂದಿನವುಗಳ ಹೊರೆ ಅಷ್ಟೇ ತಗ್ಗಬೇಕು. ಹೀಗೆ ವರ್ಗವಾಗುವ ಹೊರೆಯನ್ನು ಕಂಡುಹಿಡಿಯಲು ದ್ರವ್ಯರಾಶಿ, ವೇಗೋತ್ಕರ್ಷ, ಗುರುತ್ವಕೇಂದ್ರದ ಎತ್ತರ ಈ ಮೂರನ್ನೂ ಗುಣಿಸಿ, ಬಂದ ಲಬ್ಧವನ್ನು ಎರಡು ಅಚ್ಚುಗಳ ನಡುವಣ ದೂರದಿಂದ ಭಾಗಿಸಬೇಕು.

ನಮ್ಮ ಕಾರಿನ ಗುರುತ್ವಕೇಂದ್ರದ ಎತ್ತರ ೦.೫ ಮೀಟರು, ಅಚ್ಚುಗಳ ನಡುವಣ ದೂರ ೨.೫ ಮೀಟರು ಇರಲಿ. ಒಣರಸ್ತೆಯಲ್ಲಿ ಸೆಕೆಂಡಿನ ವರ್ಗಕ್ಕೆ ೭ ಮೀಟರಿನಂತೆ ವೇಗ ಕುಗ್ಗುವಷ್ಟು ಬಲವಾಗಿ ಬ್ರೇಕು ಒತ್ತಿದರೆ ೧,೪೦೦ ನ್ಯೂಟನ್ ಹೊರೆ ಹಿಂದಿನಿಂದ ಮುಂದಕ್ಕೆ ಹೋಗುವುದು. ಮುಂದಿನ ಜೋಡಿಯ ಮೇಲೆ ೭,೪೦೦. ಹಿಂದಿನ ಜೋಡಿಯ ಮೇಲೆ ೨,೬೦೦ ಮಾತ್ರ! ಇದಕ್ಕೆ ವ್ಯತಿರಿಕ್ತವಾಗಿ, ಸೆಕೆಂಡಿನ ವರ್ಗಕ್ಕೆ ೩ ಮೀಟರಿನಂತೆ ವೇಗವನ್ನು ಹೆಚ್ಚಿಸಿದರೆ ೬೦೦ ನ್ಯೂಟನ್ ಹಿಂದಕ್ಕೆ ಹೋಗಿ, ಮುಂದೆ ೫,೪೦೦ ಉಳಿಯುವುದು.

ಬ್ರೇಕು ಹಾಕಿದಾಗ ಮೂತಿ ತಗ್ಗುವುದನ್ನು ಕಂಡು, ಆ ತಗ್ಗುವಿಕೆಯಿಂದಲೇ ಹೊರೆ ಮುಂದಕ್ಕೆ ಹರಿಯುವುದೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ. ಸ್ಪ್ರಿಂಗುಗಳನ್ನು ತೆಗೆದು ಅಚ್ಚನ್ನು ಕಾರಿನ ಒಡಲಿಗೆ ಬಿಗಿದರೂ ಹೊರೆಯ ವರ್ಗಾವಣೆಯು ಹೆಚ್ಚುಕಡಿಮೆ ಇಷ್ಟೇ ಇರುವುದು. ಮೂತಿ ತಗ್ಗುವುದು ಪರಿಣಾಮ, ಕಾರಣವಲ್ಲ.

ಮುಂಚಕ್ರ ಚಾಲನೆಯ ಮೂಲ ತೊಡಕು ಇಲ್ಲಿ ಕಾಣುವುದು. ಎಳೆಯಬೇಕಾದಾಗಲೇ ಎಳೆಯುವ ಚಕ್ರದ ಹೊರೆ ಹಗುರವಾಗುವುದು. ನೆನೆದ ರಸ್ತೆಯಲ್ಲಿ ೩,೦೦೦ ನ್ಯೂಟನ್ ಸೆಳೆತ ಸಿಕ್ಕೀತೆಂದು ಎಣಿಸಿದ್ದೆವಷ್ಟೆ. ವರ್ಗಾವಣೆಯನ್ನು ಲೆಕ್ಕಕ್ಕೆ ತಂದರೆ ದೊರೆಯುವುದು ಸುಮಾರು ೨,೭೦೦ ಮಾತ್ರ. ಆದರೂ ಅದೇ ಕಾರಿಗೆ ಹಿಂಚಕ್ರ ಚಾಲನೆಯಿದ್ದಲ್ಲಿ ದೊರೆಯುತ್ತಿದ್ದ ಸುಮಾರು ೨,೨೦೦ಕ್ಕಿಂತ ಇದು ಮೇಲು.

ಹಿಡಿತದ ವೃತ್ತ

ಟೈರಿನ ಹಿಡಿತವನ್ನು ಮನೆಯ ತಿಂಗಳ ವರಮಾನಕ್ಕೆ ಹೋಲಿಸಬಹುದು. ಎಳೆಯುವುದಕ್ಕೆ ಒಂದು ವರಮಾನ, ತಿರುಗುವುದಕ್ಕೆ ಬೇರೊಂದು ವರಮಾನ ಎಂದಿಲ್ಲ, ಇರುವುದು ಒಂದೇ. ಆದರೆ ಖರ್ಚಿನ ಲೆಕ್ಕದಲ್ಲಿ ಒಂದು ವಿಶೇಷವಿದೆ. ಎಳೆಯುವ ಬಲವು ಕಾರಿನ ಉದ್ದಕ್ಕೆ, ತಿರುಗಿಸುವ ಬಲವು ಅಡ್ಡಕ್ಕೆ. ಇವೆರಡೂ ಒಂದಕ್ಕೊಂದು ಲಂಬವಾಗಿರುವುದರಿಂದ ಅವುಗಳ ಮೊತ್ತವನ್ನು ಲಂಬತ್ರಿಕೋನದ ಪ್ರಮೇಯದಿಂದ ತೆಗೆಯಬೇಕು. ಎರಡರ ವರ್ಗಗಳ ಮೊತ್ತವು ಹಿಡಿತದ ವರ್ಗವನ್ನು ಮೀರಕೂಡದು. ಕಾಗದದ ಮೇಲೆ ಇದು ಒಂದು ವೃತ್ತವಾಗುವುದು; ಟೈರು ಆ ವೃತ್ತದೊಳಗೆ ಎಲ್ಲಿದ್ದರೂ ಕ್ಷೇಮ, ಹೊರಗೆ ಕಾಲಿಟ್ಟರೆ ಜಾರುವುದು.

ಮೂರು, ನಾಲ್ಕು, ಐದರ ತ್ರಿಕೋನವನ್ನು ನೆನೆದುಕೊಳ್ಳಿರಿ. ಹಿಡಿತದ ಶೇಕಡಾ ೮೦ರಷ್ಟು ಎಳೆಯುವುದಕ್ಕೇ ವೆಚ್ಚವಾದರೂ ತಿರುಗುವುದಕ್ಕೆ ಶೇಕಡಾ ೬೦ ಉಳಿಯುವುದು. ಶೇಕಡಾ ನೂರೂ ಎಳೆತಕ್ಕೆ ವೆಚ್ಚವಾದರೆ ಉಳಿಯುವುದು ಸೊನ್ನೆ: ಸ್ಟಿಯರಿಂಗನ್ನು ಎಷ್ಟು ತಿರುವಿದರೂ ಕಾರು ನೇರವಾಗಿ ಹೋಗುವುದು. ಹಿಂಚಕ್ರ ಚಾಲನೆಯಲ್ಲಿ ಎಳೆಯುವ ಕೆಲಸ ಹಿಂದಿನವುಗಳದು, ದಿಕ್ಕು ತೋರುವ ಕೆಲಸ ಮುಂದಿನವುಗಳದು. ಮುಂಚಕ್ರ ಚಾಲನೆಯಲ್ಲಿ ಎರಡೂ ಒಂದೇ ಜೋಡಿಯ ತಲೆಯ ಮೇಲೆ.

ಈಗ ನಮ್ಮ ಕಾರನ್ನು ೫೦ ಮೀಟರು ತ್ರಿಜ್ಯವುಳ್ಳ ತಿರುವಿಗೆ ಒಯ್ಯೋಣ. ವೇಗ ಗಂಟೆಗೆ ೫೪ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೫ ಮೀಟರು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ೪.೫. ಮುಂದಿನ ಜೋಡಿಯು ಹೊತ್ತಿರುವ ೬೦೦ ಕಿಲೋಗ್ರಾಮನ್ನು ತಿರುಗಿಸಲು ೨,೭೦೦ ನ್ಯೂಟನ್ ಬೇಕು. ಹಿಂದಿನ ೪೦೦ ಕಿಲೋಗ್ರಾಮಿಗೆ ೧,೮೦೦. ರಸ್ತೆ ಒಣಗಿದ್ದರೆ ಮುಂದಿನ ಜೋಡಿಯ ವರಮಾನದಲ್ಲಿ ಅರ್ಧ ಮಾತ್ರ ವೆಚ್ಚವಾಯಿತು. ಮಳೆ ಬಂದಿದ್ದರೆ ೩,೦೦೦ದಲ್ಲಿ ೨,೭೦೦ ಹೋಯಿತು. ಎಳೆಯಲು ಉಳಿದುದು ಸುಮಾರು ೧,೩೦೦ ನ್ಯೂಟನ್. ಮೆಲ್ಲನೆ ಎಳೆದರೆ ಸರಿ. ಆಕ್ಸಿಲರೇಟರನ್ನು ಅದುಮಿದರೆ ಮುಂದಿನ ಚಕ್ರಗಳು ಜಾರುವುವು. ವೇಗವು ೫೭ಕ್ಕೆ ಏರಿದರೆ, ಎಳೆಯದಿದ್ದರೂ ಹಿಡಿತವೆಲ್ಲ ತೀರುವುದು. ಒಣರಸ್ತೆಯಲ್ಲಿ ನಿತ್ಯವೂ ನಿರಾಯಾಸವಾಗಿ ದಾಟುವ ತಿರುವು ಮಳೆಯ ದಿನ ಕೇವಲ ೩ ಕಿಲೋಮೀಟರಿನ ಅಂತರದಲ್ಲಿ ಅಪಾಯದ ಅಂಚಿಗೆ ಬಂದು ನಿಲ್ಲುವುದು.

ರಬ್ಬರಿನ ಸ್ವಭಾವ

ಘರ್ಷಣೆಯ ಪಾಠದಲ್ಲಿ ಘರ್ಷಣಾಂಕವು ಹೊರೆಯನ್ನು ಅವಲಂಬಿಸದೆಂದು ಓದುತ್ತೇವೆ. ರಬ್ಬರು ಈ ನಿಯಮಕ್ಕೆ ಪೂರ್ತಿ ಕಟ್ಟುಬೀಳದು. ಹೊರೆ ಹೆಚ್ಚಿದಂತೆ ಹಿಡಿತವೂ ಹೆಚ್ಚುವುದು, ದಿಟ. ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಉದಾಹರಣೆಗೆ, ೩,೦೦೦ ನ್ಯೂಟನ್ ಹೊರೆಗೆ ೦.೯ ಇರುವ ಘರ್ಷಣಾಂಕವು ಪ್ರತಿ ೧,೦೦೦ ನ್ಯೂಟನ್ ಏರಿಕೆಗೂ ೦.೦೫ರಷ್ಟು ತಗ್ಗುವುದೆನ್ನೋಣ. ತಿರುವಿನಲ್ಲಿ ಹೊರೆಯು ಒಳಪಕ್ಕದ ಚಕ್ರಗಳಿಂದ ಹೊರಪಕ್ಕದವುಗಳಿಗೆ ವರ್ಗವಾಗುವುದು. ಚಕ್ರಗಳ ನಡುವಣ ಅಗಲ ೧.೫ ಮೀಟರಿದ್ದರೆ ಹಿಂದಿನ ತಿರುವಿನಲ್ಲಿ ಈ ವರ್ಗಾವಣೆ ೧,೫೦೦ ನ್ಯೂಟನ್. ಅದೆಲ್ಲವೂ ಮುಂದಿನ ಅಚ್ಚಿನಲ್ಲೇ ಆಯಿತೆಂದರೆ ಹೊರಗಿನ ಟೈರಿಗೆ ೪,೫೦೦, ಒಳಗಿನದಕ್ಕೆ ೧,೫೦೦. ಹೊರಗಿನದು ಗಳಿಸಿದ್ದಕ್ಕಿಂತ ಒಳಗಿನದು ಕಳೆದುಕೊಂಡುದು ಹೆಚ್ಚು. ಜೋಡಿಯ ಹಿಡಿತವು ೫,೪೦೦ರಿಂದ ೫,೧೭೫ಕ್ಕೆ ಇಳಿಯುವುದು. ವರ್ಗಾವಣೆಯಲ್ಲಿ ಅರ್ಧ ಮಾತ್ರ ಮುಂದೆ ಆದರೆ ನಷ್ಟವು ಕಾಲುಭಾಗಕ್ಕೆ ತಗ್ಗುವುದು. ಆದುದರಿಂದಲೇ ಮುಂಚಕ್ರ ಚಾಲನೆಯ ಕೆಲವು ಕಾರುಗಳಲ್ಲಿ ಹಿಂಭಾಗವನ್ನು ವಾಲದಂತೆ ಹೆಚ್ಚು ಬಿಗಿ ಮಾಡಿ, ಈ ವರ್ಗಾವಣೆಯ ದೊಡ್ಡ ಪಾಲನ್ನು ಹಿಂದಿನ ಅಚ್ಚಿನ ಮೇಲೆ ಹಾಕುವರು. ಅಂತಹ ಕಾರುಗಳು ಪಂದ್ಯಗಳಲ್ಲಿ ಒಳಪಕ್ಕದ ಹಿಂಚಕ್ರವನ್ನು ನೆಲದಿಂದೆತ್ತಿ ತಿರುಗುವುದನ್ನು ಓದುಗರು ಚಿತ್ರಗಳಲ್ಲಿ ನೋಡಿರಬಹುದು.

ಇನ್ನೊಂದು ಸ್ವಭಾವವೆಂದರೆ, ಟೈರು ತಾನು ಮುಖ ಮಾಡಿದ ದಿಕ್ಕಿಗೇ ಸಾಗದು. ಅಡ್ಡಬಲ ತಾಗಿದಾಗ ರಬ್ಬರು ಬಾಗಿ, ಮುಖದ ದಿಕ್ಕಿಗೂ ನಡೆಯ ದಿಕ್ಕಿಗೂ ಕೆಲವು ಡಿಗ್ರಿಗಳ ಅಂತರ ಬೀಳುವುದು. ಇದನ್ನು ಜಾರುಕೋನವೆನ್ನೋಣ. ಮುಂದಿನ ಟೈರುಗಳ ಜಾರುಕೋನವು ಹಿಂದಿನವುಗಳದಕ್ಕಿಂತ ಹೆಚ್ಚಿದ್ದರೆ ಕಾರು ನಾವು ಬಯಸಿದುದಕ್ಕಿಂತ ಕಡಿಮೆ ತಿರುಗುವುದು; ಇದು ಊನತಿರುವು. ಹಿಂದಿನವುಗಳದು ಹೆಚ್ಚಾದರೆ ಬಯಸಿದುದಕ್ಕಿಂತ ಹೆಚ್ಚು ತಿರುಗುವುದು; ಇದು ಅತಿತಿರುವು. ೧೯೩೦ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿದ್ದ ಮಾರಿಸ್ ಆಲಿ ಮೊದಲಾದವರು ಈ ಭೇದವನ್ನು ವಿಶದವಾಗಿ ವಿವೇಚಿಸಿದರು. ಮುಂಭಾರದ, ಮುಂಚಕ್ರ ಚಾಲನೆಯ ಕಾರು ಸಹಜವಾಗಿಯೇ ಊನತಿರುವಿನದು.

ಮುಂದು ಜಾರಿದರೆ, ಹಿಂದು ಜಾರಿದರೆ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಯಾವ ಜೋಡಿಯು ಮೊದಲು ಜಾರಿದರೆ ಅಪಾಯ ಹೆಚ್ಚು? ಇದನ್ನು ಮನೆಯಲ್ಲಿಯೇ ಪ್ರಯೋಗದಿಂದ ನಿರ್ಧರಿಸಬಹುದು. ಚಕ್ರಗಳು ಸರಾಗವಾಗಿ ಉರುಳುವ ಒಂದು ಆಟಿಕೆಯ ಕಾರು, ಮೀಟರಿನಷ್ಟು ಉದ್ದದ ನುಣುಪಾದ ಹಲಗೆ, ಕೊಂಚ ಅಂಟುಪಟ್ಟಿ, ಇಷ್ಟಿದ್ದರೆ ಸಾಕು. ಹಲಗೆಯನ್ನು ಓರೆಯಾಗಿ ನಿಲ್ಲಿಸಿ. ಮುಂದಿನ ಚಕ್ರಗಳು ಉರುಳದಂತೆ ಅಂಟುಪಟ್ಟಿಯಿಂದ ಕಟ್ಟಿ, ಮೂತಿ ಕೆಳಗಾಗಿ ಕಾರನ್ನು ಬಿಡಿ. ಅದು ನೇರವಾಗಿ ಜಾರಿ ಕೆಳಗೆ ಬರುವುದು. ಬಳಿಕ ಮುಂದಿನವನ್ನು ಬಿಚ್ಚಿ, ಹಿಂದಿನವನ್ನು ಕಟ್ಟಿ ಬಿಡಿ. ಸ್ವಲ್ಪ ದೂರ ಬರುವಷ್ಟರಲ್ಲಿ ಕಾರು ಸುತ್ತಿ, ಹಿಂಭಾಗವನ್ನು ಮುಂದುಮಾಡಿಕೊಂಡು ಇಳಿಯುವುದು!

ಉರುಳುವ ಚಕ್ರವು ಅಡ್ಡಕ್ಕೆ ಸರಿಯುವುದನ್ನು ತಡೆಯುವುದು. ಜಾರುವ ಚಕ್ರಕ್ಕೆ ಆ ಶಕ್ತಿಯಿಲ್ಲ. ತಡೆಯಬಲ್ಲ ಚಕ್ರಗಳು ಗುರುತ್ವಕೇಂದ್ರದ ಹಿಂದೆ ಇದ್ದರೆ ಅವು ಬಾಣದ ಗರಿಯಂತೆ ಕೆಲಸ ಮಾಡಿ, ಓರೆಯಾದ ಕಾರನ್ನು ನೇರಕ್ಕೆ ತರುವುವು. ಅವು ಮುಂದೆ ಮಾತ್ರ ಇದ್ದರೆ ಓರೆ ಮತ್ತಷ್ಟು ಹೆಚ್ಚುವುದು. ಗರಿಯನ್ನು ಬಾಣದ ತುದಿಗೆ ಕಟ್ಟಿ ಹೂಡುವವರುಂಟೆ?

ಚಾಲಕನ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ಮುಂದು ಜಾರಿದರೆ ಕಾರು ತಿರುವಿನಿಂದ ಹೊರಹೊರಗೆ ಹೋಗುವುದು. ಹೆದರಿದವನು ಆಕ್ಸಿಲರೇಟರಿನಿಂದ ಕಾಲು ತೆಗೆಯುವನು. ಆಗ ವೇಗ ತಗ್ಗುವುದು, ಹೊರೆ ಮುಂದಕ್ಕೆ ಬರುವುದು, ಎಳೆತಕ್ಕೆ ವೆಚ್ಚವಾಗುತ್ತಿದ್ದ ಹಿಡಿತವು ತಿರುಗುವುದಕ್ಕೆ ಬಿಡುವಾಗುವುದು. ಹಲವು ವೇಳೆ ಹೆದರಿಕೆಯೇ ಇಲ್ಲಿ ಮದ್ದಾಗುವುದು. ಹಿಂದು ಜಾರಿದಾಗಲೂ ಅವನು ಅದನ್ನೇ ಮಾಡುವನು. ಆದರೆ ಆಗ ಹೊರೆಯು ಮುಂದಕ್ಕೆ ಹೋಗಿ, ಮೊದಲೇ ಜಾರುತ್ತಿರುವ ಹಿಂಚಕ್ರಗಳು ಇನ್ನಷ್ಟು ಹಗುರವಾಗುವುವು.

ಇದು ಬರಿಯ ಊಹೆಯಲ್ಲ. ಅದೇ ನೆನೆದ ತಿರುವಿನಲ್ಲಿ, ಅದೇ ೫೪ ಕಿಲೋಮೀಟರು ವೇಗದಲ್ಲಿ ಲೆಕ್ಕ ಹಾಕೋಣ. ಹೊಸ ಟೈರುಗಳು ಮುಂದಿವೆ, ಘರ್ಷಣಾಂಕ ೦.೫. ಹಿಂದಿನವು ತುಸು ಸವೆದಿವೆ, ೦.೪೭ ಇರಲಿ. ಹಿಂದಿನ ಹಿಡಿತವು ೪,೦೦೦ಕ್ಕೆ ೧,೮೮೦ ನ್ಯೂಟನ್, ಬೇಕಾದುದು ೧,೮೦೦. ಕಾರು ಸುಗಮವಾಗಿ ತಿರುಗುತ್ತಿದೆ. ಎದುರಿಗೆ ಒಂದು ದನ ಬಂದಿತು. ಚಾಲಕನು ತಟ್ಟನೆ ಕಾಲೆತ್ತಿದನು. ಎಂಜಿನ್ನಿನ ತಡೆಯಿಂದ ವೇಗವು ಸೆಕೆಂಡಿನ ವರ್ಗಕ್ಕೆ ೧.೫ ಮೀಟರಿನಂತೆ ಕುಗ್ಗಿತೆನ್ನೋಣ. ೩೦೦ ನ್ಯೂಟನ್ ಹೊರೆ ಮುಂದಕ್ಕೆ ಹೋಯಿತು. ಮುಂದಿನ ಜೋಡಿಗೆ ಈಗ ೩,೧೫೦ ಹಿಡಿತವಿದೆ. ತಡೆಯುವ ೧,೫೦೦, ತಿರುಗಿಸುವ ೨,೭೦೦ ಇವೆರಡರ ಸಂಯುಕ್ತ ಬಲ ಸುಮಾರು ೩,೦೯೦. ಮುಂದು ಜಾರದು. ಹಿಂದೆ ಉಳಿದ ಹೊರೆ ೩,೭೦೦, ಹಿಡಿತ ೧,೭೩೯, ಬೇಕಾದುದು ಇನ್ನೂ ೧,೮೦೦. ಹಿಂದು ಜಾರಿತು! ತಿರುವು ಅದೇ, ವೇಗ ಅದೇ. ಬದಲಾದದ್ದು ಪಾದದ ಭಂಗಿಯೊಂದೇ. ಮುಂದಿನ ಹೊಸ ಟೈರು ಅಂಚಿನವರೆಗೂ ‘ಎಲ್ಲವೂ ಸರಿಯಾಗಿದೆ’ ಎಂಬ ಭಾವನೆಯನ್ನು ಸ್ಟಿಯರಿಂಗಿನ ಮೂಲಕ ಕೈಗೆ ಕೊಡುತ್ತಲೇ ಇದ್ದಿತೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗೆ ಕೊಟ್ಟ ಉತ್ತರ

ಆದ್ದರಿಂದ ಹೊಸ ಜೋಡಿಯು ಹಿಂದಕ್ಕೆ ಹೋಗಬೇಕು. ಹಿಂದಿದ್ದ, ಅರ್ಧ ಮಾತ್ರ ಸವೆದ ಜೋಡಿಯನ್ನು ಮುಂದಕ್ಕೆ ತರಬೇಕು. ಪೂರ್ತಿ ಸವೆದ ಜೋಡಿಯು ಮುಂದೆಯೂ ಬೇಡ, ಹಿಂದೆಯೂ ಬೇಡ. ಹೊಸ ಟೈರಿನ ಗೀರುಗಳ ಆಳ ಸುಮಾರು ೮ ಮಿಲಿಮೀಟರು. ಗೀರುಗಳ ತಳದಲ್ಲಿ ೧.೬ ಮಿಲಿಮೀಟರು ಎತ್ತರದ ಸಣ್ಣ ದಿಂಡುಗಳಿರುವುವು. ಸವೆತವು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ, ೧೨ ಸೆಂಟಿಮೀಟರು ಉದ್ದದ ಆ ಅಂಗೈಯಷ್ಟು ಜಾಗದಿಂದ ನೀರನ್ನು ಹೊರಗಟ್ಟಲು ಗೀರುಗಳಿಗೆ ದೊರೆಯುವ ಕಾಲ ಸೆಕೆಂಡಿನ ಸಾವಿರದಲ್ಲಿ ಐದು ಭಾಗ ಮಾತ್ರ. ಗೀರಿಲ್ಲದ ಟೈರು ಆ ನೀರಿನ ಮೇಲೆಯೇ ತೇಲುವುದು.

ಇಂದಿನ ಕಾರುಗಳಲ್ಲಿ ಚಕ್ರ ಬಿಗಿದುಕೊಳ್ಳದಂತೆ ಕಾಯುವ ಬ್ರೇಕುಗಳೂ, ಕೆಲವದರಲ್ಲಿ ಕಾರು ಸುತ್ತದಂತೆ ಒಂದೊಂದು ಚಕ್ರವನ್ನೂ ಬೇರೆಬೇರೆಯಾಗಿ ತಡೆಯುವ ವಿದ್ಯುನ್ಮಾನ ಸಾಧನಗಳೂ ಬಂದಿವೆ. ಇವುಗಳ ಉಪಕಾರ ದೊಡ್ಡದು. ಆದರೆ ಅವು ಇರುವ ಹಿಡಿತವನ್ನು ಜಾಣತನದಿಂದ ಹಂಚಬಲ್ಲವೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರವು. ವೇಗವನ್ನು ತಿರುವಿಗೆ ಮುಂಚೆಯೇ, ಕಾರು ನೇರವಾಗಿರುವಾಗಲೇ ತಗ್ಗಿಸಬೇಕು. ತಿರುವಿನೊಳಗೆ ಕಾಲನ್ನು ಒತ್ತುವುದಾಗಲಿ ಎತ್ತುವುದಾಗಲಿ ಮೆಲ್ಲನೆ ಆಗಬೇಕು.

ಇಷ್ಟನ್ನೂ ಕೇಳಿಕೊಂಡ ವಿದ್ಯಾರ್ಥಿಯು, ‘ಲೆಕ್ಕವನ್ನು ತೋರಿಸಿದರೆ ತಂದೆ ನಂಬಲಾರರು, ಸಾರ್’ ಎಂದನು. ಲೆಕ್ಕ ಬೇಡ, ಹಲಗೆಯನ್ನೂ ತಮ್ಮನ ಆಟಿಕೆಯನ್ನೂ ತೋರಿಸು ಎಂದೆವು. ಮರುವಾರ ಬಂದು ಅವನು ವರದಿ ಒಪ್ಪಿಸಿದನು: ತಂದೆಯವರು ಆಟಿಕೆಯನ್ನು ತಾವೇ ಮೂರು ಸಲ ಬಿಟ್ಟು ನೋಡಿ, ಏನೂ ಮಾತಾಡದೆ, ಹೊಸ ಟೈರುಗಳನ್ನು ಹಿಂದಕ್ಕೆ ಹಾಕಿಸಿದರಂತೆ. ಓದುಗರೂ ನಮ್ಮ ಮಾತನ್ನು ಹಾಗೆಯೇ ನಂಬಬೇಕಾದುದಿಲ್ಲ. ಹಲಗೆಯನ್ನು ಓರೆಯಾಗಿ ನಿಲ್ಲಿಸಿ ತಾವೇ ಪರೀಕ್ಷಿಸಲಿ.